ಫ್ಯಾಶನ್ ಸ್ಟೈಲಿಸ್ಟ್ ಆಗಬೇಕಂತ ಮಾಡೀನಿ, ಗದಗದಾಗ ಕುಂತು ಎಲ್ಲಿಂದ ಶುರು ಮಾಡ್ಲಿ?

ಬೆಟಗೇರಿ_ಹುಡುಗಿ

ಎಲ್ಲಾರಿಗೂ ನಮಸ್ಕಾರ್ರಿ. ನಾನು ಗದಗ-ಬೆಟಗೇರಿಯಾಕಿ, ಬಿಕಾಂ ಮುಗದೈತಿ, ಅಪ್ಪಂದು ಸಣ್ಣ ಸೀರಿ ಅಂಗಡಿ ಐತಿ, ಅದರಾಗ ಕುಂದರ್ತೀನಿ. ಊರಾಗ ಮದವಿ ಇದ್ರ ಮದುಮಗಳಿಗೆ ಸೀರಿ ಉಡಸೋದು, ಯಾವ ಬ್ಲೌಸ್ ಹೊಂದತೈತಿ, ಯಾವ ಸರ ಹಾಕ್ಕೋಬೇಕು, ತುರುಬು ಎಷ್ಟು ಎತ್ತರ ಇರಬೇಕು ಅಂತ ಹೇಳೋದು ಹಂಗ ನನ್ನ ಕೆಲಸನ ಆಗಿಬಿಟ್ಟೈತಿ, ಅಷ್ಟಿಷ್ಟು ರೊಕ್ಕನೂ ಕೊಡ್ತಾರ. ಇದನ್ನ ಪೂರ್ತಿ ಕೆಲಸ ಮಾಡ್ಕೊಂಡು ಸ್ಟೈಲಿಸ್ಟ್ ಆಗಬೇಕು ಅನ್ನೋದು ತಲ್ಯಾಗ ಕುಂತೈತಿ, ಅವ್ವ ಹೂಂ ಅಂದಾಳ, ಅಪ್ಪ ಇನ್ನೂ ವಿಚಾರ ಮಾಡಾಕತ್ತಾನ.

ಕೇಳೋದು ಏನಂದ್ರ, ಕೋರ್ಸ್ ಮಾಡಲಿಕ್ಕೇ ಬೇಕಾ? ಬೆಂಗಳೂರಿಗೆ ಹೋಗ್ಲೋ ಮುಂಬೈಗೋ? ಮೊದಲ ಒಂದೆರಡು ವರ್ಷ ಪುಕ್ಕಟ ದುಡೀಬೇಕಂತಾರ, ಖರೇನ? ಒಂದು ಇನ್ಸ್ಟಿಟ್ಯೂಟಿನವರು ಆರು ತಿಂಗಳ ಕೋರ್ಸಿಗೆ ಎರಡೂವರೆ ಲಕ್ಷ ಕೇಳ್ಯಾರ, ಪ್ಲೇಸ್‌ಮೆಂಟ್ ಗ್ಯಾರಂಟಿ ಅಂತನೂ ಅಂದಾರ. ಗೊತ್ತಿದ್ದವ್ರು ಸ್ವಲ್ಪ ಬಿಡಿಸಿ ಹೇಳ್ರಿ.

ಇಸ್ತ್ರಿ_ಅಕ್ಕ

ಮೊದಲು ಆ ಎರಡೂವರೆ ಲಕ್ಷ ಕಟ್ಟೋದನ್ನ ನಿಲ್ಸಿ ತಂಗಿ. ಪ್ಲೇಸ್‌ಮೆಂಟ್ ಗ್ಯಾರಂಟಿ ಅನ್ನೋದನ್ನ ಈ ಫೀಲ್ಡಲ್ಲಿ ಯಾರೂ ಕೊಡೋಕಾಗಲ್ಲ, ಯಾಕಂದ್ರೆ ಇಲ್ಲಿ ತಿಂಗಳ ಸಂಬಳದ ಕೆಲಸ ಕಮ್ಮಿ, ಬಹಳಷ್ಟು ಜನ ಫ್ರೀಲಾನ್ಸ್, ಒಬ್ಬ ಸ್ಟೈಲಿಸ್ಟ್ ಇನ್ನೊಬ್ರಿಗೆ ಫೋನ್ ಮಾಡಿ "ಹುಡುಗಿ ಚೆನ್ನಾಗಿ ಕೆಲಸ ಮಾಡ್ತಾಳೆ ಕರ್ಕೋ" ಅಂದ್ರೆ ಮುಂದಿನ ಕೆಲಸ ಸಿಗುತ್ತೆ. ನಾನು ಬೆಂಗಳೂರಲ್ಲಿ ಆಡ್ ಶೂಟ್ ಮಾಡ್ತೀನಿ, ಅಸಿಸ್ಟೆಂಟ್ ಆಗಿ ಶುರು ಮಾಡಿದ್ದು, ಈಗ ನನ್ನ ಕೈಕೆಳಗೂ ಅಸಿಸ್ಟೆಂಟ್‌ಗಳಿದಾರೆ, ಅದಕ್ಕೆ ಆ ಕೆಲಸ ಹೆಂಗಿರುತ್ತೆ ಅನ್ನೋದನ್ನೇ ಸ್ವಲ್ಪ ಉದ್ದ ಹೇಳ್ತೀನಿ.

ಬ್ರ್ಯಾಂಡ್‌ನವರು ಬ್ರೀಫ್ (ಏನು ಬೇಕು ಅನ್ನೋ ವಿವರ) ಕೊಡ್ತಾರೆ, ಸ್ಟೈಲಿಸ್ಟ್ ಮೂಡ್ ಬೋರ್ಡ್ (ಬಣ್ಣ, ಬಟ್ಟೆ, ಫೋಟೋ ಜೋಡಿಸಿ ಐಡಿಯಾ ತೋರ್ಸೋ ಹಾಳೆ) ಮಾಡ್ತಾರೆ, ಅದು ಒಪ್ಪಿಗೆ ಆದ್ಮೇಲೆ ಬಟ್ಟೆ ತರೋದು ನೀವು. ಡಿಸೈನರ್ ಸ್ಟುಡಿಯೋಗಳಿಗೆ ಮೇಲ್ ಹಾಕಿ ಶೂಟಿಗೆ ಅಂತ ಎರವಲು ಕೇಳ್ಬೇಕು, ಸಿಗದೇ ಇದ್ದಿದ್ದಕ್ಕೆ ಕಮರ್ಷಿಯಲ್ ಸ್ಟ್ರೀಟು, ಚಿಕ್ಕಪೇಟೆ, ಜಯನಗರ ನಾಲ್ಕನೇ ಬ್ಲಾಕು ಸುತ್ಬೇಕು, ಇಮಿಟೇಶನ್ ಒಡವೆ, ಲೇಸು, ಮಣಿ ಅಂದ್ರೆ ಅವೆನ್ಯೂ ರೋಡಿನ ರಾಜಾ ಮಾರ್ಕೆಟ್. ಮಾಡೆಲ್ ಅಳತೆ, ಶೂ ಸೈಜು ಮುಂಚೆನೇ ತರಿಸ್ಕೊಂಡಿರ್ಬೇಕು, ಒಂದು ಲುಕ್ಕಿಗೆ ಎರಡಾದ್ರೂ ಆಪ್ಶನ್ ಇರ್ಬೇಕು, ಯಾಕಂದ್ರೆ ಕ್ಲೈಂಟು ಸೆಟ್ಟಿಗೆ ಬಂದು "ಈ ಹಳದಿ ಬೇಡ" ಅಂತಾರೆ. ಶೂಟ್ ದಿನ ಎಲ್ರಿಗಿಂತ ಮೊದ್ಲು ಹೋಗಿ ಎಲ್ಲಾ ಬಟ್ಟೆ ಸ್ಟೀಮ್ ಮಾಡಿ ಲುಕ್ ಪ್ರಕಾರ ರ‍್ಯಾಕಿಗೆ ಹಾಕೋದು, ಶೂ ಅಡಿಗೆ ಮಾಸ್ಕಿಂಗ್ ಟೇಪ್ ಅಂಟಿಸೋದು (ವಾಪಸ್ ಕೊಡುವಾಗ ಸೋಲ್ ಸವೆದಿರಬಾರದು), ಪ್ರೈಸ್ ಟ್ಯಾಗ್ ಕೀಳದೇ ಒಳಗಡೆ ಸೇರ್ಸಿ ಪಿನ್ ಮಾಡೋದು, ಕ್ಯಾಮೆರಾ ನಡೀತಿರುವಾಗ ಮಾನಿಟರ್ ಮೇಲೆ ಕಣ್ಣಿಟ್ಟು ಕಾಲರ್ ಮಡಚ್ಕೊಂಡಿದ್ಯಾ, ಬ್ರಾ ಪಟ್ಟಿ ಕಾಣ್ತಿದ್ಯಾ ನೋಡೋದು.

ಇನ್ನು ರಿಟರ್ನ್ಸ್, ಅಂದ್ರೆ ಎರವಲು ತಂದಿದ್ದನ್ನ ವಾಪಸ್ ಕೊಡೋದು. ಹೊಸಬ್ರು ಯಾರೂ ಇದನ್ನ ಲೆಕ್ಕಕ್ಕೆ ತಗೊಳ್ಳಲ್ಲ, ಆದ್ರೆ ಒಳ್ಳೆ ಹೆಸರು ಬರೋದು ಇಲ್ಲೇ. ಮಾರನೇ ದಿನ ಯಾರ ಬಟ್ಟೆ ಯಾರಿಗೆ ಅಂತ ಚಲನ್ ನೋಡ್ಕೊಂಡು, ಡ್ರೈ ಕ್ಲೀನ್ ಬೇಕಾದ್ದು ಮಾಡಿಸಿ, ಎಣಿಸಿ ವಾಪಸ್ ಮುಟ್ಟಿಸ್ಬೇಕು. ಒಂದು ಜುಮಕಿ ಕಾಣೆ ಆದ್ರೆ ಆ ಡಿಸೈನರ್ ಮುಂದಿನ ಸಲ ನಿಮ್ಮ ಸ್ಟೈಲಿಸ್ಟಿಗೆ ಏನೂ ಕೊಡಲ್ಲ. ತಗೊಳ್ಳುವಾಗ್ಲೇ ಪ್ರತಿ ಪೀಸಿಗೂ ಹಿಂದೆ ಮುಂದೆ ಫೋಟೋ ತೆಗೆದಿಟ್ಕೊಳ್ಳಿ, ಮೊದಲೇ ಇದ್ದ ಕಲೆ, ಎಳೆ ಬಿಟ್ಟಿದ್ದು ಎಲ್ಲಾ ಸೇರಿ. ರಿಟರ್ನ್ಸ್ ನೆಟ್ಟಗೆ ಮಾಡೋ ಅಸಿಸ್ಟೆಂಟನ್ನ ಯಾವ ಸ್ಟೈಲಿಸ್ಟೂ ಬಿಟ್ಕೊಡಲ್ಲ, ನಾನಂತೂ ಬಿಡಲ್ಲ.

ನೀವು ಅಂಗಡೀಲಿ ಕೂತು ಬೆಳೆದವ್ರು, ಸ್ಟಾಕ್ ಎಣಿಸೋದು, ಸೀರೆ ಮಡಿಕೆ ಕೆಡದ ಹಾಗೆ ತೆಗೆದಿಡೋದು ನಿಮಗೆ ಹೇಳ್ಕೊಡಬೇಕಾಗಿಲ್ಲ. ಅದು ಎಷ್ಟು ದೊಡ್ಡ ಬಂಡವಾಳ ಅಂತ ಇಲ್ಲಿಗೆ ಬಂದ್ಮೇಲೆ ಗೊತ್ತಾಗುತ್ತೆ.

ಎಚ್‌ಎಸ್‌ಆರ್_ವಾಸಿ

ಅಕ್ಕ ಹೇಳಿದ್ದು ಸರಿ ಆದ್ರೆ ಕೋರ್ಸ್ ಅಂದ್ರೇ ದಂಡ ಅನ್ನೋ ತರ ಓದೋವ್ರಿಗೆ ಅನ್ನಿಸಬಾರದು. ನಾನು ನಿಫ್ಟಲ್ಲಿ (ಕೇಂದ್ರ ಸರ್ಕಾರದ ಫ್ಯಾಶನ್ ಕಾಲೇಜು) ಫ್ಯಾಶನ್ ಕಮ್ಯೂನಿಕೇಶನ್ ಓದಿದ್ದು, ನಾಲ್ಕು ವರ್ಷದ ಬಿಡಿಸ್ (ಡಿಸೈನ್ ಡಿಗ್ರಿ), ಸ್ಟೈಲಿಂಗು, ಫೋಟೋಗ್ರಫಿ, ಗ್ರಾಫಿಕ್ಸು ಮೂರೂ ಬರುತ್ತೆ. ನನಗೆ ಅಲ್ಲಿ ಸಿಕ್ಕ ದೊಡ್ಡ ಲಾಭ ಕ್ಲಾಸ್‌ಮೇಟ್‌ಗಳು. ಇವತ್ತು ಒಬ್ಬ ಫೋಟೋಗ್ರಾಫರ್, ಒಬ್ಳು ಬ್ರ್ಯಾಂಡಲ್ಲಿದಾಳೆ, ಒಬ್ಬ ಸೆಟ್ ಡಿಸೈನ್ ಮಾಡ್ತಾನೆ, ಕೆಲಸ ಅಂದ್ರೆ ಒಬ್ರಿಗೊಬ್ರು ಫೋನ್ ಮಾಡ್ತೀವಿ. ಜೊತೆಗೆ ಫ್ಯಾಶನ್ ಇತಿಹಾಸ, ಬಣ್ಣ, ಬಟ್ಟೆ ಇವನ್ನ ಕ್ರಮವಾಗಿ ಓದಿದ್ರೆ "70ರ ದಶಕದ ಲುಕ್ ಬೇಕು" ಅಂತ ಬ್ರೀಫ್ ಬಂದಾಗ ಗಾಬರಿ ಆಗಲ್ಲ.

ಫೀಸು ಮಾತ್ರ ನಾಲ್ಕು ವರ್ಷಕ್ಕೆ ಹತ್ತು ಲಕ್ಷ ದಾಟುತ್ತೆ, ಎಂಟ್ರೆನ್ಸ್ ಬರೀಬೇಕು, ಬಿಕಾಂ ಮುಗಿಸಿದವ್ರು ಮತ್ತೆ ನಾಲ್ಕು ವರ್ಷ ಕೂರೋದು ಕಷ್ಟನೇ. ನಿಮ್ಮ ಜಾಗದಲ್ಲಿ ನಾನಿದ್ರೆ ಒಂದು ವರ್ಷ ಅಸಿಸ್ಟ್ ಮಾಡಿ, ಏನು ಬರಲ್ಲ ಅನ್ನೋದು ಗೊತ್ತಾದ್ಮೇಲೆ ಅದಕ್ಕೆ ಮಾತ್ರ ಶಾರ್ಟ್ ಕೋರ್ಸ್ ಮಾಡ್ತಿದ್ದೆ. ಫೋಟೋಶಾಪ್ ಅಥವಾ ಕ್ಯಾನ್ವಾದಲ್ಲಿ ನೀಟಾಗಿ ಮೂಡ್ ಬೋರ್ಡ್ ಮಾಡೋದು, ಇಂಗ್ಲಿಷಲ್ಲಿ ಒಂದು ಪುಟದ ಮೇಲ್ ಬರೆಯೋದು ಈಗಿನಿಂದ್ಲೇ ಕಲೀರಿ, ಇದಕ್ಕೆ ದುಡ್ಡು ಬೇಡ.

ಕುಡ್ಲದ_ಕ್ಯಾಮೆರಾ

ಫೋಟೋಗ್ರಾಫರ್ ಕಡೆಯಿಂದ ಒಂದು ಮಾತು. ನಮಗೆ ಸ್ಟೈಲಿಸ್ಟ್ ಬೇಕಾಗುವುದು ಬಟ್ಟೆ ಚಂದ ಉಂಟು ಅಂತ ಹೇಳ್ಲಿಕ್ಕೆ ಅಲ್ಲ ಮಾರಾಯ್ರೆ, ಲೈಟ್ ಬಿದ್ದಾಗ ಆ ಬಟ್ಟೆ ಏನಾಗ್ತದೆ ಅಂತ ಮೊದ್ಲೇ ಗೊತ್ತಿರುವವರು ಬೇಕು. ಸಣ್ಣ ಸಣ್ಣ ಗೆರೆ ಇರುವ ಶರ್ಟ್ ವೀಡಿಯೋದಲ್ಲಿ ಅಲೆ ಅಲೆಯಾಗಿ ಓಡ್ತದೆ, ಸ್ಯಾಟಿನ್‌ನಲ್ಲಿ ಒಂದು ಸುಕ್ಕು ಇದ್ರೂ ಬೆಳ್ಳಗೆ ಹೊಳೀತದೆ, ಅಚ್ಚ ಬಿಳಿ ಸುಟ್ಟುಹೋದ ಹಾಗೆ ಕಾಣ್ತದೆ. ನೀವು ಉಡಿಸಿದ ಸೀರೆಯನ್ನೆಲ್ಲ ಫೋನಿನಲ್ಲಿ ಕಿಟಕಿ ಬೆಳಕಿನಲ್ಲಿ ಒಮ್ಮೆ, ಟ್ಯೂಬ್‌ಲೈಟಿನಲ್ಲಿ ಒಮ್ಮೆ ತೆಗೆದು ನೋಡಿ, ಸುಮಾರು ಕಲಿಯಲಿಕ್ಕೆ ಉಂಟು.

ಮತ್ತೆ ಟೆಸ್ಟ್ ಶೂಟ್. ನನ್ನ ಹಾಗೆ ಪೋರ್ಟ್‌ಫೋಲಿಯೋ ಬೇಕಾದ ಫೋಟೋಗ್ರಾಫರ್, ಹೊಸ ಮಾಡೆಲ್, ಹೊಸ ಮೇಕಪ್ ಆರ್ಟಿಸ್ಟ್ ಎಲ್ಲ ಊರಲ್ಲೂ ಇದ್ದಾರೆ. ಯಾರೂ ಯಾರಿಗೂ ದುಡ್ಡು ಕೊಡುವುದಿಲ್ಲ, ಫೋಟೋ ಎಲ್ಲರಿಗೂ ಸಿಗ್ತದೆ, ಹಾಕುವಾಗ ಎಲ್ಲರ ಹೆಸರೂ ಹಾಕುವುದು. ಪುಕ್ಕಟೆ ಕೆಲಸ ಅಂದ್ರೆ ಇಷ್ಟೇ ನ್ಯಾಯ. ಒಬ್ಬರು ದುಡ್ಡು ಮಾಡಿ ಉಳಿದವರು ಪುಕ್ಕಟೆ ಆದ್ರೆ ಅದು ಟೆಸ್ಟ್ ಶೂಟ್ ಅಲ್ಲ.

ಕ್ಯಾಟಲಾಗ್_ದಿನಚರಿ

ಯಾರೂ ಇನ್ನೂ ಇ-ಕಾಮರ್ಸ್ ಬಗ್ಗೆ ಹೇಳಿಲ್ವಲ್ಲ, ಬೆಂಗಳೂರಿಗೆ ಬರೋದಕ್ಕೆ ದೊಡ್ಡ ಕಾರಣನೇ ಅದು. ಮಿಂತ್ರಾ 2007ರಲ್ಲಿ ಇಲ್ಲೇ ಶುರುವಾಗಿದ್ದು, 2014ರಲ್ಲಿ ಫ್ಲಿಪ್‌ಕಾರ್ಟ್ ಕೊಂಡ್ಕೊಂಡ್ರು, ಎರಡೂ ಬೆಂಗಳೂರಿನ ಕಂಪನಿ. ಇಂಥ ಕಂಪನಿಗಳಿಗೆ ದಿನಾ ಸಾವಿರಗಟ್ಲೆ ಬಟ್ಟೆ ಫೋಟೋ ಬೇಕು, ಹಾಗಾಗಿ ಇಲ್ಲಿ ಕ್ಯಾಟಲಾಗ್ ಸ್ಟುಡಿಯೋಗಳು ಸುಮಾರಿವೆ, ಅಲ್ಲಿ ಸ್ಟೈಲಿಸ್ಟು, ಅಸಿಸ್ಟೆಂಟ್ ಸ್ಟೈಲಿಸ್ಟು ಅಂತ ತಿಂಗಳ ಸಂಬಳಕ್ಕೆ ತಗೋತಾರೆ. ಕೆಲವರು ಇದನ್ನ ಕೀಳಾಗಿ ನೋಡ್ತಾರೆ, ಅದರಲ್ಲೇನು ಕ್ರಿಯೇಟಿವಿಟಿ ಇದೆ ಅಂತ. ನಾನು ಒಪ್ಪಲ್ಲ. ಒಬ್ಬ ಮಾಡೆಲ್ಲಿಗೆ ದಿನಕ್ಕೆ ಐವತ್ತು ಅರವತ್ತು ಬಟ್ಟೆ ಬದಲಾಯಿಸ್ತೀವಿ, ಪ್ರತಿಯೊಂದಕ್ಕೂ ಮುಂದೆ, ಹಿಂದೆ, ಪಕ್ಕ, ಕ್ಲೋಸಪ್. ಕುರ್ತಾ ಮಾರ್ತಿದ್ರೆ ಕಣ್ಣು ಕುರ್ತಾಗೇ ಹೋಗ್ಬೇಕು, ಕಿವಿಯೋಲೆ ಅದನ್ನ ಮುಚ್ಚಬಾರದು, ಪ್ಯಾಂಟ್ ಬಣ್ಣ ಜಗಳ ಆಡ್ಬಾರದು. ಮಾಡೆಲ್ ಬೆನ್ನಿಗೆ ಎಷ್ಟು ಕ್ಲಿಪ್ ಹಾಕಿದ್ರೆ ಶರ್ಟ್ ಮುಂದೆ ನೆಟ್ಟಗೆ ಕೂರುತ್ತೆ, ಆದ್ರೆ ಗಿರಾಕಿಗೆ ಫಿಟ್ಟಿನ ಬಗ್ಗೆ ಸುಳ್ಳು ಹೇಳಿದಂಗೆ ಆಗಬಾರದು ಅನ್ನೋದು ಕೈಗೆ ಬರೋಕೆ ಇಂಥ ಜಾಗಾನೇ ಬೇಕು. ಒಂದು ವರ್ಷ ಇಲ್ಲಿ ಮಾಡಿದವ್ರ ಸ್ಪೀಡು ಬೇರೆಯವ್ರಿಗೆ ಬರಲ್ಲ, ಬಾಡಿಗೆನೂ ಕಟ್ಟಬಹುದು.

ಹಾಗಂತ ವರ್ಷಗಟ್ಲೆ ಅಲ್ಲೇ ಕೂತ್ರೆ ಕಣ್ಣು ಮಂದ ಆಗುತ್ತೆ, ರಜೆ ದಿನ ಟೆಸ್ಟ್ ಶೂಟ್ ಮಾಡ್ತಾ ಇರಿ.

ಅಂಧೇರಿ_ಕನ್ನಡಿಗ

ಮುಂಬೈ ಬಗ್ಗೆ ಕೇಳಿದ್ರಲ್ಲ. ಸಿನಿಮಾ ಸ್ಟಾರ್‌ಗಳ ಸ್ಟೈಲಿಂಗು, ಮ್ಯಾಗಜೀನ್ ಎಡಿಟೋರಿಯಲ್ಲು (ಮ್ಯಾಗಜೀನಿನ ಫ್ಯಾಶನ್ ಫೋಟೋ ಪುಟಗಳು) ಅಂದ್ರೆ ಕೊನೆಗೆ ಇಲ್ಲಿಗೇ ಬರಬೇಕಾಗುತ್ತೆ, ಡಿಸೈನರ್‌ಗಳ ಬಟ್ಟೆ ಶೂಟಿಗೆ ಕೊಡೋ ಪಿಆರ್ (ಪ್ರಚಾರದ) ಏಜೆನ್ಸಿಗಳು ಇಲ್ಲೇ ಜಾಸ್ತಿ. ಆದ್ರೆ ಶುರುವಿಗೇ ಬರಬೇಡಿ ಅಂತೀನಿ. ಬಾಡಿಗೆ, ಡೆಪಾಸಿಟ್ಟು, ದಿನಾ ಓಡಾಟ ಸೇರಿದ್ರೆ ಅಸಿಸ್ಟೆಂಟ್ ದುಡಿಮೆಯಲ್ಲಿ ಬದುಕೋದು ಕಷ್ಟ, ಮನೇಲಿ ದುಡ್ಡಿರೋ ಮಕ್ಕಳು ಆರಾಮಾಗಿ ವರ್ಷ ತಳ್ತಾರೆ, ನಮ್ಮಂಥವ್ರು ನಾಲ್ಕೇ ತಿಂಗಳಿಗೆ ಊರಿಗೆ ವಾಪಸ್ ಹೋಗಿದ್ದನ್ನ ಕಣ್ಣಾರೆ ನೋಡಿದೀನಿ, ಹೊಟ್ಟೆ ಉರಿಯುತ್ತೆ. ಬೆಂಗಳೂರಲ್ಲಿ ಹೆಸರು ಮಾಡ್ಕೊಂಡು, ಯಾರಾದ್ರೂ ಕರೆದ್ರೆ ಬನ್ನಿ.

ಗಾಂಧಿನಗರ_ಸೆಟ್

ಸಿನಿಮಾ ಕಾಸ್ಟ್ಯೂಮ್ ಬೇರೆ, ಸ್ಟೈಲಿಂಗ್ ಬೇರೆ, ಅದನ್ನ ಮೊದಲು ತಲೇಲಿ ಇಟ್ಕೊಳ್ಳಿ. ಆಡಿಗೆ ಬಟ್ಟೆ ಹೊಸದಾಗಿ ಹೊಳೀಬೇಕು, ಸಿನಿಮಾದಲ್ಲಿ ಬಡವನ ಅಂಗಿ ಹೊಸದಿದ್ರೆ ಸೀನೇ ಸತ್ತೋಯ್ತು. ಹೊಸ ಬಟ್ಟೇನ ಚಹಾ ನೀರಲ್ಲಿ ಅದ್ದಿ, ಕಾಲರಿಗೂ ಮೊಣಕೈಗೂ ಮರಳು ಕಾಗದ ಉಜ್ಜಿ, ಮತ್ತೆ ಮತ್ತೆ ಒಗೆದು ಹಳೇದು ಮಾಡ್ತೀವಿ. ಒಂದೇ ಸೀನು ಬೇರೆ ಬೇರೆ ದಿನ ಶೂಟ್ ಆಗುತ್ತೆ, ತೋಳು ಎಷ್ಟು ಮಡಚಿತ್ತು, ಯಾವ ಗುಂಡಿ ಬಿಚ್ಚಿತ್ತು ಅಂತ ಕಂಟಿನ್ಯೂಟಿ ಫೋಟೋ ಇಟ್ಕೋಬೇಕು. ಕಾಂತಾರ 2022ರಲ್ಲಿ ಬಂತಲ್ಲ, ಪ್ರಗತಿ ಶೆಟ್ಟಿಯವ್ರು ಕಾಸ್ಟ್ಯೂಮ್ ಮಾಡಿದ್ದು, ಊರಿನ ಜನ ಉಟ್ಟ ಬಟ್ಟೆ ನೋಡಿ, ಅಂಗಡಿಯಿಂದ ತಂದು ಹಾಕಿದ್ದು ಅಂತ ಎಲ್ಲೂ ಅನ್ಸಲ್ಲ. ನಿಮಗೆ ಜನರ ಬದುಕು ನೋಡೋದರಲ್ಲಿ ಆಸೆ ಇದ್ರೆ ಈ ಕಡೆ ಬನ್ನಿ, ನಮಗೆ ಉತ್ತರ ಕರ್ನಾಟಕದ ಉಡುಪು ನಿಜವಾಗ್ಲೂ ಗೊತ್ತಿರೋವ್ರು ಬೇಕು. ಇಳಕಲ್ ಸೀರೆನ ಎಲ್ಲಾ ಪಾತ್ರಕ್ಕೂ ಒಂದೇ ತರ ಉಡಿಸಿ ಕಳಿಸ್ತಾರೆ, ನೋಡೋಕಾಗಲ್ಲ.

ಬೆಟಗೇರಿ_ಹುಡುಗಿ

ಖರೇ ಅಂದ್ರಿ ನೋಡ್ರಿ, ನಮ್ಮವ್ವ ಟಿವಿ ಮುಂದ ಕುಂತು ಇದನ್ನ ಬೈತಾಳ. ಇಳಕಲ್ ಸೆರಗನ್ನ ಸಣ್ಣ ಸಣ್ಣ ನಿರಿಗಿ ಹಿಡದು ಭುಜದ ಮ್ಯಾಲ ಪಿನ್ ಹೊಡದ್ರ ತೋಪ ತೆನಿ (ಸೆರಗಿನ್ಯಾಗ ನೇಯ್ದ ಚಿತ್ತಾರ) ಎಲ್ಲೆ ಕಾಣತೈತಿ? ಆ ಕೆಂಪು ರೇಷ್ಮಿ, ಬಿಳಿ ತೆನಿ ಕಾಣಲಿ ಅಂತ ಸೆರಗು ಬಿಚ್ಚಿ ಹೊದಿಸಬೇಕ್ರಿ. ಒಡಲಿಗೂ ಸೆರಗಿಗೂ ಕೊಂಡಿ ಹಾಕಿ ಜೋಡಸಿರ್ತಾರ, ಆ ಜೋಡಿನ ಮ್ಯಾಲ ಪಿನ್ ಚುಚ್ಚಿದ್ರ ಎಳಿ ಎಳಕೊಂತೈತಿ, ನಾ ಯಾವತ್ತೂ ನಾಕು ಬಟ್ಟು ಬಿಟ್ಟು ಚುಚ್ಚತೀನಿ, ಪಿನ್ನಿಗೆ ಮೊದಲ ಒಂದು ಮಣಿ ಪೋಣಿಸಿ ಆಮ್ಯಾಲ, ಅಂದ್ರ ರೇಷ್ಮಿ ಪಿನ್ನಿನ ಸುರುಳ್ಯಾಗ ಸಿಗೋದಿಲ್ಲ. ಗುಳೇದಗುಡ್ಡ ಖಣದ (ಕುಪ್ಪಸದ ಬಟ್ಟಿ) ಅಗಲ ಕಡಿಮಿ, ಎರಡೂ ಕಡೆ ಅಂಚು ಇರತೈತಿ, ಆ ಅಂಚು ತೋಳಿನ ತುದಿಗೆ ಬರೋಹಂಗ ಕತ್ತರಸಬೇಕು, ಈಗಿನ ಟೇಲರ್‌ಗಳು ಅದನ್ನ ಒಳಗ ಮಡಚಿಬಿಡ್ತಾರ.

ಇಂಥಾವು ನಂಗ ಗೊತ್ತದಾವ. ಆದ್ರ ಜಾಕೆಟ್ಟು, ಸೂಟು, ಗೌನು ಅಂದ್ರ ಕೈ ಇಟ್ಟು ನೋಡೇ ಇಲ್ಲ, ಅದಕ್ಕ ಸ್ವಲ್ಪ ಅಂಜಿಕಿ.

ಇಸ್ತ್ರಿ_ಅಕ್ಕ

ಅಯ್ಯೋ ತಂಗಿ, ಈ ಕಮೆಂಟನ್ನೇ ಪೋರ್ಟ್‌ಫೋಲಿಯೋಲಿ ಹಾಕಬಹುದು ನೀವು! ಸೂಟು ಕಲಿಯೋದು ದೊಡ್ಡ ವಿಷಯ ಅಲ್ಲ, ಹುಬ್ಬಳ್ಳೀಲಿ ಒಳ್ಳೆ ಜೆಂಟ್ಸ್ ಟೇಲರ್ ಅಂಗಡೀಲಿ ಹೋಗಿ ಕೂತ್ರೆ ಭುಜ ಎಲ್ಲಿ ನಿಲ್ಬೇಕು, ಒಳಗಿನ ಶರ್ಟ್ ಕಫ್ ಎಷ್ಟು ಆಚೆ ಕಾಣ್ಬೇಕು, ಪ್ಯಾಂಟ್ ಶೂ ಮೇಲೆ ಹೇಗೆ ಬೀಳ್ಬೇಕು ಅಂತ ಒಂದು ವಾರದಲ್ಲಿ ಕಣ್ಣಿಗೆ ಹತ್ತುತ್ತೆ. ನಿಮ್ಮ ಕೊಂಡಿ, ತೆನಿ, ಖಣದ ಅಂಚು ಮಾತ್ರ ಬೆಂಗಳೂರಲ್ಲಿ ಬೆಳೆದವ್ರಿಗೆ ಅಷ್ಟು ಬೇಗ ಬರಲ್ಲ. ಹಬ್ಬದ ಆಡು, ಒಡವೆ ಆಡು, ಸೀರೆ ಬ್ರ್ಯಾಂಡು, ಇಲ್ಲಿ ಅರ್ಧಕ್ಕರ್ಧ ಕೆಲಸ ಸೀರೇದೇ. ಸೀರೆ ಬಂತು ಅಂದ್ರೆ ಸಾಕು, ಡ್ರೇಪ್ ಮಾಡೋಕೆ ಬೇರೆಯವ್ರನ್ನ ದುಡ್ಡು ಕೊಟ್ಟು ಕರೆಸ್ತಾರೆ. ನೀವು ಎರಡನ್ನೂ ಮಾಡ್ತೀರಿ ಅಂದ್ರೆ ನಿಮ್ಮನ್ನೇ ಮೊದಲು ಕರೀತಾರೆ. ಕೊಡವ ಸೀರೆ (ನಿರಿಗೆ ಹಿಂದೆ, ಸೆರಗು ಬಲಭುಜಕ್ಕೆ), ಕಚ್ಚೆ, ಬಂಗಾಳಿ, ಗುಜರಾತಿ ಇವೂ ಕೈಗೆ ಬರ್ಲಿ.

ನಿಮ್ಮ ಮೊದಲ ಶೂಟ್ ಅಲ್ಲೇ ಮಾಡಿ. ಇಳಕಲ್ಲು, ಖಣ, ಕಸೂತಿ ಇವನ್ನ ಇವತ್ತಿನ ಹುಡುಗೀರು ಆಫೀಸಿಗೆ ಹಾಕೋ ತರ ಐದಾರು ಲುಕ್, ಅಷ್ಟೇ. ಇಳಕಲ್ ಮೇಲೆ ಬಿಳಿ ಶರ್ಟು ಹಾಕಿ ನೋಡಿ, ಖಣದ ಜಾಕೆಟ್ ಹೊಲಿಸಿ ಜೀನ್ಸ್ ಮೇಲೆ ಹಾಕ್ಸಿ. ಎಲ್ಲಾರೂ ಮಾಡೋ ರೆಡ್ ಲಿಪ್‌ಸ್ಟಿಕ್ ಲೆದರ್ ಜಾಕೆಟ್ ಪೋರ್ಟ್‌ಫೋಲಿಯೋ ದಿನಾ ನನ್ನ ಇನ್‌ಬಾಕ್ಸಿಗೆ ಬರುತ್ತೆ, ಒಂದೂ ನೆನಪಲ್ಲಿ ಉಳಿಯಲ್ಲ.

ಸಂಡೂರು_ಎಳೆ

ಲಂಬಾಣಿ ಕಸೂತಿ ಬೇಕಿದ್ರೆ ಸಂಡೂರಿನ ಕುಶಲ ಕಲಾ ಕೇಂದ್ರಕ್ಕೆ ಬಂದು ನೋಡ್ರಿ, ಫೋಟೋದಾಗ ನೋಡೋದಕ್ಕಿಂತ ಕೈಯಾಗ ಹಿಡದ್ರ ಕನ್ನಡಿ, ಹೊಲಿಗಿ ತೂಕ ಗೊತ್ತಾಗ್ತದ. ಒಂದು ಬೇಡಿಕಿ, ಫೋಟೋ ಹಾಕುವಾಗ ಮಾಡೆಲ್, ಮೇಕಪ್ ಹೆಸರಿನ ಜೊತಿ ನೇಕಾರರು, ಕಸೂತಿ ಹಾಕಿದವ್ರ ಹೆಸರೂ ಹಾಕ್ರಿ, ಅವ್ರ ಹೆಸರು ಎಲ್ಲೂ ಬರೂದಿಲ್ಲ.

ಕಿಟ್_ಬ್ಯಾಗ್

ಕಿಟ್ ಬಗ್ಗೆ ಸ್ವಲ್ಪ. ಮೊದಲ ದಿನಕ್ಕೇ ಬೇಕಾಗೋದು: ಎಲ್ಲಾ ಸೈಜಿನ ಸೇಫ್ಟಿ ಪಿನ್ನು, ಕಪ್ಪು ಬಿಳಿ ಮೈಬಣ್ಣದ ದಾರ ಸೂಜಿ, ಚಿಕ್ಕ ಕತ್ತರಿ, ಹೊಲಿಗೆ ಬಿಚ್ಚೋ ಕೊಕ್ಕೆ, ಡಬಲ್ ಟೇಪು, ದೊಡ್ಡ ಬೈಂಡರ್ ಕ್ಲಿಪ್ಪು, ಲಿಂಟ್ ರೋಲರು, ಮೈಬಣ್ಣದ ಒಳ ಉಡುಪು ಎರಡು ಸೈಜಲ್ಲಿ, ಬೆವರಿಗೆ ಕಂಕುಳ ಪ್ಯಾಡು, ಬೇಬಿ ವೈಪ್ಸು. ಕೈಲಿ ಹಿಡಿಯೋ ಸ್ಟೀಮರ್ ಒಂದು ಆಮೇಲೆ ತಗೊಳ್ಳಿ. ಮೇಕಪ್ ಆದ್ಮೇಲೆ ಬಟ್ಟೆ ಹಾಕುವಾಗ ಮುಖಕ್ಕೆ ತೆಳ್ಳನೆ ಸ್ಕಾರ್ಫ್ ಮುಚ್ಚಿ, ಬಿಳಿ ಶರ್ಟಿಗೆ ಫೌಂಡೇಶನ್ ತಾಗಿದ್ರೆ ಆ ಶರ್ಟ್ ನಿಮ್ಮ ಲೆಕ್ಕಕ್ಕೇ ಬರುತ್ತೆ.

ಲೆಕ್ಕದ_ಪುಸ್ತಕ

ದುಡ್ಡಿನ ಮಾತು ಯಾರೂ ಆಡ್ತಿಲ್ಲ ಅದಕ್ಕೆ ಬರೀತಿದೀನಿ, ನನ್ನ ಹೆಂಡ್ತಿ ಸ್ಟೈಲಿಸ್ಟ್, ಲೆಕ್ಕ ನಾನು ನೋಡ್ತೀನಿ. ಒಂದು ಪ್ರೊಡಕ್ಷನ್ ಹೌಸಿನವರು ಅವಳ ದುಡ್ಡು ಎಂಟು ತಿಂಗಳು ಎಳೆದ್ರು, ಬಟ್ಟೆ ಕೊಂಡಿದ್ದೂ ಅವಳದೇ ಕಾರ್ಡಿಂದ, ಬಡ್ಡಿ ಕಟ್ಟಿದ್ದು ನಾವು. ಅವತ್ತಿಂದ ಮನೇಲಿ ಒಂದೇ ರೂಲು: ಬಟ್ಟೆ ಖರೀದಿ ದುಡ್ಡು ಮುಂಗಡವಾಗಿ ಬರ್ಬೇಕು, ಫೀಸಲ್ಲಿ ಅರ್ಧ ಶೂಟಿಗೆ ಮುಂಚೆ, ಎಲ್ಲಾ ಮೇಲಲ್ಲಿ ಬರ್ದಿರ್ಬೇಕು. ಫೋನಲ್ಲಿ ಒಪ್ಕೊಂಡಿದ್ದನ್ನೂ "ನಾವು ಮಾತಾಡಿದ ಹಾಗೆ" ಅಂತ ಒಂದು ಮೇಲ್ ಹಾಕ್ಬಿಡಿ. ತಯಾರಿ ದಿನ, ಶೂಟ್ ದಿನ, ರಿಟರ್ನ್ಸ್ ದಿನ ಮೂರಕ್ಕೂ ಬೇರೆ ಬೇರೆ ರೇಟ್ ಬರೀರಿ, ಇಲ್ಲಾಂದ್ರೆ ಶೂಟ್ ದಿನದ ದುಡ್ಡಷ್ಟೇ ಕೊಟ್ಟು ಮುಗಿಸ್ತಾರೆ. ಆಟೋ, ಡ್ರೈ ಕ್ಲೀನಿಂಗ್ ಬಿಲ್ ಎಲ್ಲಾ ಫೋಟೋ ತೆಗೆದಿಡಿ.

ಕಂಪನಿಯವರು ಸಾಮಾನ್ಯವಾಗಿ ಹತ್ತು ಪರ್ಸೆಂಟ್ ಟಿಡಿಎಸ್ (ಮುಂಚೆನೇ ಮುರ್ಕೊಳ್ಳೋ ಇನ್‌ಕಮ್ ಟ್ಯಾಕ್ಸ್) ಹಿಡಿದು ಕೊಡ್ತಾರೆ, ಅದು ನಿಮ್ಮ ಪ್ಯಾನಿಗೆ ಜಮಾ ಆಗಿದ್ಯಾ ನೋಡ್ಕೊಳ್ಳಿ, ಇನ್‌ಕಮ್ ಟ್ಯಾಕ್ಸ್ ರಿಟರ್ನ್ ಫೈಲ್ ಮಾಡಿದ್ರೆ ಶುರುವಿನ ವರ್ಷಗಳಲ್ಲಿ ಬಹುಪಾಲು ವಾಪಸ್ ಬರುತ್ತೆ. ಎಷ್ಟೋ ಮಕ್ಕಳು ಫೈಲೇ ಮಾಡಲ್ಲ, ದುಡಿದ ದುಡ್ಡು ಹಾಗೇ ಬಿಟ್ಟಂಗೆ. ವರ್ಷದ ವಹಿವಾಟು 20 ಲಕ್ಷ ದಾಟೋ ತನಕ ಜಿಎಸ್‌ಟಿ ನಂಬರ್ ಕಡ್ಡಾಯ ಇಲ್ಲ.

ಕ್ಯಾಟಲಾಗ್_ದಿನಚರಿ

ಇನ್ನೊಂದು, ಹುಡುಗೀರು ಎಲ್ಲಾರೂ ಓದಿ. "ಸ್ಟೈಲಿಸ್ಟ್ ಅಸಿಸ್ಟೆಂಟ್ ಬೇಕು, ರಿಜಿಸ್ಟ್ರೇಶನ್ ಫೀ ಕಟ್ಟಿ" ಅಂತ ಮೆಸೇಜ್ ಬಂದ್ರೆ ಬ್ಲಾಕ್ ಮಾಡಿ, ಕೆಲಸ ಕೊಡೋವ್ರು ದುಡ್ಡು ಕೇಳಲ್ಲ. ಶೂಟಿಗೆ ಮುಂಚೆ ಕಾಲ್ ಶೀಟ್ ಕೇಳಿ, ಜಾಗ, ಟೈಮು, ಯಾರ್ಯಾರು ಇರ್ತಾರೆ ಎಲ್ಲಾ ಅದರಲ್ಲಿರುತ್ತೆ. ಯಾರದೋ ಫ್ಲ್ಯಾಟಲ್ಲಿ ಶೂಟ್ ಅಂದ್ರೆ ಫ್ರೆಂಡನ್ನ ಕರ್ಕೊಂಡು ಹೋಗಿ, ಬೇಡ ಅಂದ್ರೆ ನೀವೂ ಹೋಗ್ಬೇಡಿ. ರಾತ್ರಿ ಲೇಟಾದ್ರೆ ಗಾಡಿ ವ್ಯವಸ್ಥೆ ಪ್ರೊಡಕ್ಷನ್ನಿನವ್ರದ್ದು, ಅದನ್ನ ಕೇಳೋಕೆ ನಾಚಿಕೆ ಬೇಡ.

ಬೆಟಗೇರಿ_ಹುಡುಗಿ

ಎಲ್ಲಾರ ಕಮೆಂಟನೂ ಅಪ್ಪಗ ಓದಿ ಹೇಳಿದೆ. ಲೆಕ್ಕದ ಮಾತು ಕೇಳಿ "ಇದು ಧಂದೆ ಹಂಗ ಐತಿ, ಬರೇ ಷೋಕಿ ಅಲ್ಲ" ಅಂದ. ಎರಡೂವರೆ ಲಕ್ಷ ಕಟ್ಟಂಗಿಲ್ಲ ಅಂತ ಇನ್ಸ್ಟಿಟ್ಯೂಟಿಗೆ ಹೇಳೀನಿ. ಹುಬ್ಬಳ್ಳಿ ಫೋಟೋಗ್ರಾಫರ್ ಒಬ್ರು ಟೆಸ್ಟ್ ಶೂಟಿಗೆ ಹೂಂ ಅಂದಾರ, ನಮ್ಮ ಅಂಗಡಿಗೆ ಸೀರಿ ಕೊಡೋ ನೇಕಾರರ ಮನ್ಯಾಗ ಮಗ್ಗದ ಮುಂದನ ಎರಡು ಲುಕ್ ತೆಗಿಯೋಣು ಅಂತ ಮಾಡೇವಿ, ಅವರ ಹೆಸರೂ ಹಾಕ್ತೀನ್ರಿ. ಆಮ್ಯಾಲ ಬೆಂಗಳೂರಿನ ಸ್ಟೈಲಿಸ್ಟ್‌ಗಳಿಗೆ ಮೇಲ್ ಹಾಕಬೇಕಲ್ಲ, ಅದನ್ನ ಹೆಂಗ ಬರೀಲಿ, ಯಾವಾಗ ಹಾಕ್ಲಿ?

ಇಸ್ತ್ರಿ_ಅಕ್ಕ

ಉದ್ದ ಬೇಡ. ಮೊದಲನೇ ಸಾಲಲ್ಲೇ ಯಾವ ದಿನದಿಂದ ಬೆಂಗಳೂರಲ್ಲಿ ಇರ್ತೀರಿ ಅಂತ ಹಾಕಿ, ನಾವು ನೋಡೋದು ಅದನ್ನೇ. ಎರಡನೇ ಸಾಲು, ಸೀರೆ ಯಾವ್ಯಾವ ಶೈಲೀಲಿ ಉಡಿಸ್ತೀರಿ, ಹೊಲಿಗೆ ಬರುತ್ತಾ, ಟೂ ವೀಲರ್ ಓಡಿಸ್ತೀರಾ. ಎಂಟು ಹತ್ತು ಫೋಟೋದ ಒಂದು ಪಿಡಿಎಫ್, ಫೋನಲ್ಲಿ ತಟ್ಟಂತ ತೆರೆಯೋ ಅಷ್ಟು ಚಿಕ್ಕದು. "ನಿಮ್ಮ ದೊಡ್ಡ ಫ್ಯಾನ್" ಅಂತೆಲ್ಲಾ ಬರೆಯೋ ಬದಲು ಆ ಸ್ಟೈಲಿಸ್ಟ್ ಮಾಡಿದ ಒಂದು ಕೆಲಸದಲ್ಲಿ ನಿಮಗೆ ಏನು ಹಿಡಿಸ್ತು ಅಂತ ಒಂದೇ ಸಾಲು. ಉತ್ತರ ಬರದಿದ್ರೆ ಹತ್ತು ಹದಿನೈದು ದಿನ ಬಿಟ್ಟು ಇನ್ನೊಂದು ಸಲ ಹಾಕಿ, ಶೂಟಲ್ಲಿರುವಾಗ ನಾವು ಮೇಲ್ ನೋಡಿರಲ್ಲ ಅಷ್ಟೇ.

ದಸರಾ, ದೀಪಾವಳಿ ಆಡ್‌ಗಳ ಶೂಟು ಆಗಸ್ಟ್ ಸೆಪ್ಟೆಂಬರಲ್ಲಿ ಜೋರು, ಆಗ ಅಸಿಸ್ಟೆಂಟ್ ಸಾಲದೇ ಎಲ್ರೂ ಹುಡುಕ್ತಿರ್ತೀವಿ, ಜುಲೈಲೇ ಮೇಲ್ ಹೋಗಿರ್ಲಿ. ಹುಬ್ಬಳ್ಳಿ ಶೂಟ್ ಫೋಟೋ ಬಂದ್ಮೇಲೆ ಇಲ್ಲೇ ಹಾಕಿ, ಪಿಡಿಎಫಿಗೆ ಯಾವ್ದು ಹೋಗ್ಬೇಕು ಯಾವ್ದು ಬೇಡ ಅಂತ ನಾನು ನೋಡಿ ಹೇಳ್ತೀನಿ.